ಪುರುಸೊತ್ತು ಎಲ್ಲಿಂದ ಸಿಗುತ್ತದೆ ಎಂದು ಕೇಳುವವರಿಗೆ

ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಬದಿಯಡ್ಕದ ಬಸ್ ನಿಲ್ದಾಣದಲ್ಲಿ, ಶಾಲೆಯ ರಕ್ಷಕ-ಶಿಕ್ಷಕ ಸಂಘದ ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿರುವಾಗ, ಒಂದೇ ಪ್ರಶ್ನೆಯನ್ನು ನಾನು ಹಲವರ ಬಾಯಲ್ಲಿ ಕೇಳಿದ್ದೇನೆ. "ಟೀಚರೇ, ನಿಮಗೆ ಶಾಲೆ ಉಂಟು, ಮನೆ ಉಂಟು, ಹಟ್ಟಿಯಲ್ಲಿ ದನ ಉಂಟು. ಆದರೂ ದಿನಾ ಸಂಜೆ ಜಗಲಿಯಲ್ಲಿ ಸುಮ್ಮನೆ ಕೂತಿರುತ್ತೀರಂತೆ. ಅಷ್ಟು ಪುರುಸೊತ್ತು ಎಲ್ಲಿಂದ ಸಿಗುತ್ತದೆ?" ನಿಂತ ನಿಲುವಿನಲ್ಲಿ ಕೊಟ್ಟ ಉತ್ತರ ಅರ್ಧಂಬರ್ಧವಾಗುತ್ತದೆ ಎಂಬ ಕಾರಣಕ್ಕೆ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ದಿನ ಬೆಳಿಗ್ಗೆ 5 ಗಂಟೆಗೆ ಆರಂಭವಾಗುತ್ತದೆ. ಹಾಲು ಕರೆಯುವುದು, ತಿಂಡಿ, ಮಕ್ಕಳ ಬುತ್ತಿ, ಅತ್ತೆಯವರ ಮದ್ದು, 9 ಗಂಟೆಯ ಬಸ್ಸು. ಶಾಲೆಯಲ್ಲಿ ಪಾಠದ ಜೊತೆಗೆ ಮಲಯಾಳದಲ್ಲಿ ಬರುವ ಸುತ್ತೋಲೆಗಳನ್ನು ಸಹೋದ್ಯೋಗಿಗಳಿಗಾಗಿ ಕನ್ನಡಕ್ಕೆ ತಂದುಕೊಡುವ ಕೆಲಸವೂ ಇದೆ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕಲಿಸುವವರಿಗೆ ಅದರ ಭಾರ ಎಷ್ಟೆಂದು ಗೊತ್ತು. ಸಂಜೆ ಮನೆ ಸೇರುವಾಗ 5 ಗಂಟೆ. ರಾತ್ರಿ ಅಡುಗೆ, ಮಕ್ಕಳ ಓದು, ತಿದ್ದಬೇಕಾದ ಉತ್ತರಪತ್ರಿಕೆಗಳು. ಬಹುಪಾಲು ಮನೆಗಳ ದಿನ ಹೀಗೆಯೇ ಇರುತ್ತದೆ ಎಂದು ಬಲ್ಲೆ. ನನ್ನದು ಬೇರೆ ಎಂದು ತೋರಿಸಲು ಇದನ್ನು ಹೇಳಿದ್ದಲ್ಲ.

ಮೊದಲು ನಾನು ವಿಶ್ರಾಂತಿಗೆಂದು ಆರಿಸಿದ್ದು ರಾತ್ರಿಯ ಹೊತ್ತನ್ನು. ಎಲ್ಲ ಕೆಲಸ ಮುಗಿಸಿ, ಅಡುಗೆಮನೆಯ ದೀಪ ಆರಿಸಿ, ಅರ್ಧ ಗಂಟೆ ನನಗೆಂದು ಇರಿಸಿಕೊಳ್ಳುವುದೆಂದು ನಿಶ್ಚಯಿಸಿದ್ದೆ. ಆದರೆ ಮನೆಗೆಲಸಕ್ಕೆ ಮುಗಿಯುವ ಗುಣವೇ ಇಲ್ಲ. ದೋಸೆಗೆ ಅರೆದಿಟ್ಟರೆ ನಾಳೆಯ ಸಾಂಬಾರಿಗೆ ಬೇಳೆ ಆರಿಸುವುದು ನೆನಪಾಗುತ್ತದೆ, ಅದಾದರೆ ಮಗಳ ಯೂನಿಫಾರಂನ ಗುಂಡಿ ಕಾಣುತ್ತದೆ. ಹೇಗೋ ಕುಳಿತೆನೆಂದರೂ ಆ ಹೊತ್ತಿಗೆ ದೇಹ ಎಷ್ಟು ಸೋತಿರುತ್ತಿತ್ತೆಂದರೆ ಕೈ ತಾನಾಗಿ ಮೊಬೈಲಿಗೆ ಹೋಗುತ್ತಿತ್ತು, ಗಂಟೆ ಹನ್ನೊಂದಾದದ್ದು ತಿಳಿಯುತ್ತಿರಲಿಲ್ಲ, ಎದ್ದಾಗ ಕಣ್ಣು ಉರಿಯುತ್ತಿತ್ತೇ ಹೊರತು ಮನಸ್ಸು ಹಗುರಾಗಿರುತ್ತಿರಲಿಲ್ಲ. ಆಮೇಲೆ ಬೆಳಿಗ್ಗೆ ನಾಲ್ಕೂವರೆಗೆ ಏಳಲು ನೋಡಿದೆ. ಅದು ನಿದ್ದೆಯ ಗಂಟಿನಿಂದಲೇ ತೆಗೆದ ಸಾಲವಾಯಿತು. ಮೂರನೆಯ ಪೀರಿಯಡಿನಲ್ಲಿ ಆಕಳಿಕೆ ಬರತೊಡಗಿದಾಗ ಬಿಟ್ಟುಬಿಟ್ಟೆ.

ನನಗೆ ದಾರಿ ಕಾಣಿಸಿದ್ದು ನಮ್ಮೂರಿನ ಪತ್ತನಾಜೆಯಿಂದ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24 ಅಥವಾ 25ರ ಸುಮಾರಿಗೆ, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ಕೋಲ-ಉತ್ಸವಗಳು ನಿಲ್ಲುತ್ತವೆ. ಯಕ್ಷಗಾನದ ಆಟ ಆಡಿಸುವವರು ಇನ್ನೂ ಇದ್ದಾರೆ, ಇನ್ನೆರಡು ವಾರ ಹೋಗಲಿ ಎಂದು ಆ ದಿನವನ್ನು ಮುಂದಕ್ಕೆ ಹಾಕುವ ಸಂಪ್ರದಾಯವಿಲ್ಲ. ಮುಂದೆ ಜುಲೈ ನಡುವಿನಲ್ಲಿ ಆಟಿ ಬರುತ್ತದೆ. ಹೊರಗೆ ಕೆಲಸವಿಲ್ಲದ ಆ ತಿಂಗಳಲ್ಲಿ ಅಮಾವಾಸ್ಯೆಯಂದು ಬೆಳಕು ಹರಿಯುವ ಮೊದಲೇ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಕುಡಿಯುತ್ತಾರೆ. ಅದೇ ಮಳೆಯ ತಿಂಗಳನ್ನು ಕರ್ಕಾಟಕ ಎಂದು ಕರೆಯುವ ಮಲಯಾಳಿ ನೆರೆಮನೆಗಳಲ್ಲಿ ರಾಮಾಯಣ ಪಾರಾಯಣ ನಡೆಯುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ಯಕ್ಷಗಾನದ ಪ್ರಸಂಗಗಳನ್ನೇ ವೇಷ ಕಟ್ಟದೆ ಕುಳಿತು ನಡೆಸುವ ತಾಳಮದ್ದಳೆಗಳಾಗುತ್ತವೆ. ಆಟಿಯನ್ನು ನಾನು ಹೊಗಳಿ ಹಾಡುವುದಿಲ್ಲ. ಅದು ಹಿಂದಿನವರಿಗೆ ಕಣಜ ಬರಿದಾದ ಕಾಲ; ಹಲಸಿನ ಬೀಜ, ತಗತೆ ಸೊಪ್ಪುಗಳಲ್ಲಿ ದಿನ ದೂಡಿದ ಕಾಲ. ಆಗಲೂ ಹೆಂಗಸರ ಒಲೆ ಆರಿದ್ದಿಲ್ಲ. ಹಾಗಿದ್ದರೂ ಪತ್ತನಾಜೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಒಂದಿದೆ: ನಿಲ್ಲಿಸುವ ದಿನವನ್ನು ಮೊದಲೇ ಗೊತ್ತುಮಾಡಲಾಗಿದೆ, ಮಾಡುತ್ತಿದ್ದ ಕೆಲಸ ಮುಗಿಯಲಿ ಎಂದು ಅದು ಕಾಯುವುದಿಲ್ಲ.

ದುಡಿಯುವವರ ಹಕ್ಕಿನ ಇತಿಹಾಸವನ್ನು ಮಕ್ಕಳಿಗೆ ಹೇಳುವಾಗಲೂ ಇದೇ ಅಂಶ ನನಗೆ ಎದ್ದು ಕಾಣುತ್ತದೆ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದಿಂದ 1890ರಲ್ಲಿ ಭಾನುವಾರದ ರಜೆ ದೊರೆಯಿತು. 1948ರ ಕಾರ್ಖಾನೆ ಕಾಯ್ದೆಯು, ಕನಿಷ್ಠ ಅರ್ಧ ಗಂಟೆಯ ಬಿಡುವು ಕೊಡದೆ ಯಾರನ್ನೂ 5 ಗಂಟೆಗಿಂತ ಹೆಚ್ಚು ಹೊತ್ತು ದುಡಿಸಬಾರದೆಂದು ವಿಧಿಸಿತು. ನೂಲು ಎಷ್ಟು ತೆಗೆದಿರಿ ಎಂದು ಆ ವಿಧಿ ಕೇಳುತ್ತಿರಲಿಲ್ಲ, ಗಡಿಯಾರವನ್ನು ಮಾತ್ರ ನೋಡುತ್ತಿತ್ತು. ಮನೆಗೆ, ಹಟ್ಟಿಗೆ, ತೋಟಕ್ಕೆ ಇಂಥ ಕಾಯ್ದೆ ಬರುವುದಿಲ್ಲವಾದ್ದರಿಂದ ಅದನ್ನು ಮನೆಯವರೇ ಕುಳಿತು ಮಾಡಿಕೊಳ್ಳಬೇಕು.

ನಾವು ಹಾಗೆಯೇ ಮಾಡಿದೆವು. ಆರು ವರ್ಷದ ಹಿಂದೆ ಒಂದು ಭಾನುವಾರ ಊಟವಾದ ಮೇಲೆ ಮನೆಯವರೆಲ್ಲರ ಎದುರು ನಾನು ಹೇಳಿದೆ, ಸಂಜೆ 5:45ರಿಂದ ದೀಪ ಹಚ್ಚುವ ಹೊತ್ತಿನವರೆಗೆ, ಅಂದರೆ ಸುಮಾರು 40 ನಿಮಿಷ, ನನ್ನನ್ನು ಯಾವುದಕ್ಕೂ ಕರೆಯಬಾರದು ಎಂದು. ಆ ಹೊತ್ತನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಅದರ ಒಂದು ಕೊನೆಯಲ್ಲಿ ಮಕ್ಕಳ ಚಹಾ-ತಿಂಡಿ ಮುಗಿದಿರುತ್ತದೆ, ಇನ್ನೊಂದು ಕೊನೆಯಲ್ಲಿ ದೇವರ ದೀಪವಿದೆ. ಎರಡೂ ಯಾವ ದಿನವೂ ತಪ್ಪದವು. ಒಂದು ಕ್ಷಣ ಯಾರೂ ಮಾತನಾಡಲಿಲ್ಲ. ಬಳಿಕ ಅತ್ತೆಯವರು, "ಆನು ನೋಡಿಗೊಳ್ತೆ, ನೀನು ಕೂರು" ಎಂದರು. ಆ ಮಾತಿನ ಬಲದ ಮೇಲೆ ಉಳಿದದ್ದೆಲ್ಲ ನಡೆಯಿತು. ಹಟ್ಟಿಗೆ ಹುಲ್ಲು ಹಾಕುವುದು ನನ್ನವರ ಪಾಲಿಗೆ ಹೋಯಿತು, ಚಹಾದ ಪಾತ್ರೆ ಮಗನ ಪಾಲಿಗೆ. ಮೊಬೈಲು ಅಕ್ಕಿ ಡಬ್ಬಿಯ ಮೇಲೆ ಕೂರುತ್ತದೆ. ಸುತ್ತೋಲೆಗಳನ್ನು 7 ಗಂಟೆಯ ನಂತರ ನೋಡುತ್ತೇನೆ, ತೀರಾ ತುರ್ತಿದ್ದರೆ ಮನೆಯ ಇನ್ನೊಂದು ನಂಬರಿಗೆ ಕರೆ ಮಾಡಿ ಎಂದು ಸಹೋದ್ಯೋಗಿಗಳಿಗೆ ತಿಳಿಸಿದೆ. ಹಾಗೆ ಕರೆ ಬಂದದ್ದು ಈ ಆರು ವರ್ಷಗಳಲ್ಲಿ ಎರಡು ಸಲ.

ಕುಳಿತು ಏನು ಮಾಡುತ್ತೀರಿ ಎಂದು ಮುಂದಿನ ಪ್ರಶ್ನೆ ಬರುತ್ತದೆ. ಮೊದಲ ವಾರಗಳಲ್ಲಿ ಕೂರುವುದೇ ಕಷ್ಟವಾಗಿತ್ತು. ಅದು ಅಡಿಕೆ ಒಣಗುವ ಕಾಲ. ಚಾಲಿಗೆಂದು, ಅಂದರೆ ಸಿಪ್ಪೆಯೊಂದಿಗೇ ಒಣಗಿಸಲೆಂದು, ಹರಡಿದ ಅಡಿಕೆ 40 ದಿನಗಳಷ್ಟು ಬಿಸಿಲು ಉಣ್ಣುತ್ತಾ ಅಂಗಳದಲ್ಲೇ ಇರುತ್ತದೆ. ಕುರ್ಚಿಯಲ್ಲಿ ಕುಳಿತರೆ ಎದುರಿಗೆ ಅದೇ. ಸಾಲಿನಿಂದ ಹೊರಗೆ ಉರುಳಿದ ಒಂದು ಅಡಿಕೆ ತುಳಸಿಕಟ್ಟೆಯ ಬುಡದಲ್ಲಿ ಬಿದ್ದಿರುತ್ತದೆ. ಕಣ್ಣು ಅದರ ಮೇಲೆ ನಟ್ಟರೆ ಕಾಲು ತಾನಾಗಿ ನೆಲಕ್ಕೆ ಊರಿ ಏಳಲು ಅಣಿಯಾಗುತ್ತದೆ. ನಾನು ಕುರ್ಚಿಯನ್ನೇ ತಿರುಗಿಸಿದೆ. ಈಗ ನನ್ನೆದುರು ಹಲಸಿನ ಮರವಿದೆ, ಅದರಾಚೆ ತೋಟಕ್ಕಿಳಿಯುವ ಮೆಟ್ಟಿಲುಗಳಿವೆ. ಉಸಿರನ್ನು ಮೆಲ್ಲನೆ ಎಳೆದು, ಎಳೆದದ್ದಕ್ಕಿಂತ ನಿಧಾನವಾಗಿ ಬಿಡುತ್ತೇನೆ. ಉಸಿರು ಒಳಗೆ ಹೋಗುವಾಗ ಎದೆಬಡಿತ ತುಸು ಚುರುಕಾಗಿ, ಹೊರಗೆ ಬರುವಾಗ ಇಳಿಯುವುದು ದೇಹದ ಸಹಜ ಧರ್ಮ. ಅದಕ್ಕೆ ಯಾವ ಸಾಧನವೂ ಬೇಡ. ಹತ್ತು ನಿಮಿಷ ಮನಸ್ಸು ಶಾಲೆಯ ರಿಜಿಸ್ಟರಿನಲ್ಲೇ ಓಡಾಡುತ್ತದೆ. ಆಮೇಲೆ ಯಾವಾಗಲೋ ತೋಟದಿಂದ ಸೋಗೆಯೊಂದು ಕಳಚಿ ಬೀಳುವ ಸದ್ದು ಕೇಳಿಸುತ್ತದೆ, ಸ್ಪ್ರಿಂಕ್ಲರ್ ತಿರುಗುವ ಟಿಕ್ ಟಿಕ್ ಕೇಳಿಸುತ್ತದೆ. ಅದುವರೆಗೂ ಆ ಸದ್ದು ಇತ್ತು, ನಾನು ಕೇಳಿರಲಿಲ್ಲ ಎಂದು ಹೊಳೆಯುತ್ತದೆ. ಕೆಲವು ದಿನ ಪುಸ್ತಕ ಓದುತ್ತೇನೆ, ಹೆಚ್ಚಿನ ದಿನ ಅದೂ ಇಲ್ಲ.

ಎಲ್ಲ ದಿನಗಳೂ ಹೀಗೆ ಕೈಗೆ ಸಿಗುವುದಿಲ್ಲ. ಮಳೆ ಹಿಡಿಯುವ ಮುನ್ನ ಅಡಿಕೆಗೆ ಮದ್ದು ಬಿಡುವ ದಿನಗಳಲ್ಲಿ, ಮೈಲುತುತ್ತು-ಸುಣ್ಣದ ಡ್ರಮ್ಮಿನ ಸುತ್ತ ಓಡಾಡುವ ಆಳುಗಳಿಗೆ ಹೊತ್ತುಹೊತ್ತಿಗೆ ಚಹಾ-ತಿಂಡಿ ಆಗಬೇಕು. ಶಾಲಾ ಕಲೋತ್ಸವ ಬಂದರೆ ಮನೆ ಸೇರುವುದೇ ಕತ್ತಲಾದ ಮೇಲೆ. ಅಂಥ ದಿನ 40 ನಿಮಿಷ ಹದಿನೈದಕ್ಕೆ ಇಳಿಯುತ್ತದೆ, ಆದರೆ ಸೊನ್ನೆಗೆ ಇಳಿಯಲು ನಾನು ಬಿಡುವುದಿಲ್ಲ, ಏಕೆಂದರೆ ಒಂದು ವಾರ ತಪ್ಪಿದರೆ ಆ ಹೊತ್ತಿಗೆ ಬೇರೆ ಕೆಲಸಗಳು ಬಂದು ಕುಳಿತಿರುತ್ತವೆ, ಮತ್ತೆ ಅವುಗಳನ್ನು ಎಬ್ಬಿಸುವುದು ಬಹಳ ಕಷ್ಟ.

ಹೆಂಗಸರು ಮಾತ್ರ ದನಿ ತಗ್ಗಿಸಿ ಇನ್ನೊಂದು ಮಾತು ಕೇಳುತ್ತಾರೆ: ಮನೆಯವರು ದುಡಿಯುತ್ತಿರುವಾಗ ನಾವು ಕೂರುವುದು ಸರಿಯೇ? ನನ್ನ 40 ನಿಮಿಷ ಬೇರೆಯವರ ಕೈಗಳ ಮೇಲೆ ನಿಂತಿದೆ ಎಂಬುದು ನಿಜ. ಆದ್ದರಿಂದಲೇ ಅದನ್ನು ಕದ್ದುಮುಚ್ಚಿ ತೆಗೆದುಕೊಳ್ಳದೆ ಬಾಯಿಬಿಟ್ಟು ಕೇಳಿ ಪಡೆಯಬೇಕು, ಇತರರಿಗೂ ಅಷ್ಟೇ ಖಚಿತವಾಗಿ ಕೊಡಬೇಕು ಎಂದು ನನ್ನ ಅಭಿಪ್ರಾಯ. ನನ್ನವರಿಗೆ ತಾಳಮದ್ದಳೆಯ ರಾತ್ರಿಗಳಿವೆ, ಆ ದಿನ ಅವರನ್ನು ಬೇರೆ ಕೆಲಸಕ್ಕೆ ಕರೆಯುವಂತಿಲ್ಲ. ಅತ್ತೆಯವರನ್ನು ಕೇಳಲು ನಾನು ತಡಮಾಡಿದೆನೆಂಬ ನೋವು ನನಗಿದೆ. ಕಳೆದ ವರ್ಷವಷ್ಟೇ ಕೇಳಿದೆ. ಅವರು ಸ್ವಲ್ಪ ಯೋಚಿಸಿ, ಮಧ್ಯಾಹ್ನ ಪೇಪರು ಓದುವ ಹೊತ್ತು ಎಂದರು. ಅದು ಹಾಲು ಕರೆಯುವ, ಚಹಾ ಕಾಯಿಸುವ ಹೊತ್ತು ಕೂಡ ಆಗಿತ್ತು. ಈಗ ಶಾಲೆ ಇರುವ ದಿನ ಆ ಎರಡೂ ನನ್ನವರ ಕೆಲಸ, ರಜೆಯ ದಿನ ನನ್ನದು. ಕರು ಕೂಗಿತೆಂದು ಅವರು ಕನ್ನಡಕ ತೆಗೆದಿಟ್ಟು ಏಳಲು ಹೊರಟರೆ, ಆರು ವರ್ಷದ ಹಿಂದೆ ಅವರು ನನಗೆ ಹೇಳಿದ್ದನ್ನೇ ನಾನು ಅವರಿಗೆ ಹೇಳುತ್ತೇನೆ.