ಗ್ರ್ಯಾಂಡ್‌ಮಾ ಏನು ಮಾರ್ತಾರೆ?

ಕಳೆದ ಭಾನುವಾರ ಇಲ್ಲಿ ಆಫ್ರಿಕಾದ ಘಾನಾ ದೇಶದ ಅಕ್ರಾದಿಂದ, ಊರಿನಲ್ಲಿರುವ ಅಮ್ಮನ ಜೊತೆ ವಿಡಿಯೋ ಕಾಲ್‌ನಲ್ಲಿದ್ದೆ. ಪಕ್ಕದ ಮನೆಯ ಹುಡುಗಿ ಬಂದು ಮೊಬೈಲಿಗೆ ಮುಖ ತೂರಿಸಿದಳು. ಹತ್ತು ವರ್ಷ ಇರಬಹುದು, ಬಾಯಿ ಮಾತ್ರ ಮೂವತ್ತರದ್ದು. ಕೈ ಬೀಸಿದ್ದಾಯ್ತು, ಕುಶಲ ವಿಚಾರಿಸಿದ್ದಾಯ್ತು. ಆಮೇಲೆ ನೇರವಾಗಿ ಕೇಳಿದಳು, "ಗ್ರ್ಯಾಂಡ್‌ಮಾ, ನೀವು ಏನು ಮಾರ್ತೀರಿ?"

ನಾನು ತುಳುವಿನಲ್ಲಿ ಹೇಳಿದೆ. ಅಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. "ನಾನೆಂಥ ಮಾರುವುದು? ಮನೆಯಲ್ಲಿ ಸುಮ್ನೆ ಇದ್ದೇನೆ ಅಂತ ಹೇಳು."

ಹುಡುಗಿಗೆ ನಂಬಿಕೆ ಬರಲಿಲ್ಲ. "ಏನೂ ಮಾರದಿದ್ರೆ ಅವರಿಗೆ ದುಡ್ಡು ಎಲ್ಲಿಂದ ಬರುತ್ತೆ?"

ಅವಳ ಲೆಕ್ಕ ಸರಿ ಇದೆ. ಅಕ್ರಾದಲ್ಲಿ ಅವಳು ಕಂಡ ಹೆಂಗಸರೆಲ್ಲ ಏನಾದರೊಂದು ಮಾರುವವರೇ. ಅಜ್ಜಿ ಟೊಮೆಟೊ ಮಾರುತ್ತಿದ್ದರು. ಚಿಕ್ಕಮ್ಮ ಬೀದಿ ಮೂಲೆಯಲ್ಲಿ ಕೆಂಕೆ, ಅಂದರೆ ಹುಳಿ ಬಂದ ಜೋಳದ ಹಿಟ್ಟಿನ ಕಡುಬು, ಬೇಯಿಸಿ ಮಾರುತ್ತಾರೆ. ಅವಳ ತಾಯಿ, ಅಂದರೆ ನಾವು ಆಂಟಿ ಅಂತ ಕರೆಯುವವರು, ಮಕೋಲಾ ಮಾರ್ಕೆಟ್ಟಿನಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಾರೆ. ಬಣ್ಣಬಣ್ಣದ ವ್ಯಾಕ್ಸ್ ಪ್ರಿಂಟ್. ಹನ್ನೆರಡು ಗಜ ಅಂದರೆ ಫುಲ್ ಪೀಸ್, ಆರು ಗಜ ಹಾಫ್ ಪೀಸ್. ದಿನಕ್ಕಿಷ್ಟು ಅಂತ ಸುಸು ಕಟ್ಟುತ್ತಾರೆ. ಸುಸುವಿನವನು ದಿನಾ ಅಂಗಡಿಗೇ ಬಂದು ದುಡ್ಡು ತಗೊಂಡು ಕಾರ್ಡಿನಲ್ಲಿ ಗುರುತು ಹಾಕಿ ಹೋಗುತ್ತಾನೆ. ತಿಂಗಳ ಕೊನೆಗೆ ಒಂದು ದಿನದ ಪಾಲು ತನಗಿಟ್ಟುಕೊಂಡು ಉಳಿದದ್ದನ್ನು ವಾಪಸ್ ಕೊಡುತ್ತಾನೆ. ಗಂಡನ ದುಡ್ಡು ಬೇರೆ, ಅವರ ದುಡ್ಡು ಬೇರೆ. ಗಂಡನಿಗೆ ಅಂಗಿಗೆ ಬಟ್ಟೆ ಬೇಕಾದರೆ ಅವನೂ ದುಡ್ಡು ಕೊಟ್ಟೇ ತಗೋಬೇಕು. ತಮಾಷೆಗೆ ಹೇಳ್ತಿಲ್ಲ, ಕೊಡೋದನ್ನು ನಾನೇ ನೋಡಿದ್ದೇನೆ.

ಮಹಿಳಾ ಉದ್ಯಮಿಗಳ ಬಗ್ಗೆ ಮಾಸ್ಟರ್‌ಕಾರ್ಡ್ 2018ರಲ್ಲಿ ತಂದ ಸೂಚ್ಯಂಕದಲ್ಲಿ, ಹೆಂಗಸರ ಒಡೆತನದ ವ್ಯವಹಾರಗಳ ಪಾಲಿನಲ್ಲಿ ಘಾನಾವೇ ಮೊದಲು. ಇಲ್ಲಿನ ವ್ಯವಹಾರಗಳಲ್ಲಿ ಶೇ. 46.4ಕ್ಕೆ ಹೆಂಗಸರೇ ಒಡೆಯರು ಅಂತ ಅದರ ಲೆಕ್ಕ. ಮಾರ್ಕೆಟ್ಟಿನಲ್ಲಿ ಟೊಮೆಟೊಗೊಬ್ಬಳು, ಗೆಣಸಿಗೊಬ್ಬಳು ರಾಣಿ ಇರುತ್ತಾಳೆ. ಜಗಳ ಬಿಡಿಸೋದು ಅವಳೇ. ಎಷ್ಟು ಮಾಲು ಒಳಗೆ ಬರಬೇಕು ಅನ್ನೋದರಲ್ಲೂ ಅವಳ ಮಾತು ನಡೆಯುತ್ತದೆ.

ಹಾಗಂತ ಇದೇನು ಸ್ವರ್ಗ ಅಲ್ಲ. ಅದೇ ಮಕೋಲಾದಲ್ಲಿ ಉತ್ತರದ ಬಡ ಊರುಗಳಿಂದ ಬಂದ ಹುಡುಗಿಯರು ತಲೆ ಮೇಲೆ ದೊಡ್ಡ ಬೋಗುಣಿ ಇಟ್ಟು ಬೇರೆಯವರ ಮಾಲು ಹೊರುತ್ತಾರೆ. ರಾತ್ರಿ ಅಂಗಡಿ ಮುಂದೆಯೇ ಮಲಗುತ್ತಾರೆ. ಅವರನ್ನು ಕಾಯಾಯೇ ಅನ್ನುತ್ತಾರೆ. ಇನ್ನು ಬೆಲೆ ಏರಿದಾಗೆಲ್ಲ ಬೈಗುಳ ಬೀಳುವುದು ಮಾರುವ ಹೆಂಗಸರಿಗೇ. 1979ರ ಆಗಸ್ಟ್ 18ರಂದು ಆಗ ಅಧಿಕಾರ ಹಿಡಿದಿದ್ದ ಸೇನಾಧಿಕಾರಿ ರಾಲಿಂಗ್ಸ್ ಸರ್ಕಾರದ ಸೈನಿಕರು ಮಕೋಲಾ ನಂಬರ್ ಒನ್ ಮಾರ್ಕೆಟ್ಟನ್ನೇ ನೆಲಸಮ ಮಾಡಿದರು. ಹೆಂಗಸರು ಮಾಲು ಬಚ್ಚಿಟ್ಟು ಬೆಲೆ ಏರಿಸುತ್ತಾರೆ ಅನ್ನೋದು ಆರೋಪ. ಅದೇ ವರ್ಷ ಬಡ ಹೆಂಗಸರಿಗೆ ಸಾಲ ಸಿಗಲಿ ಅಂತ ವಿಮೆನ್ಸ್ ವರ್ಲ್ಡ್ ಬ್ಯಾಂಕಿಂಗ್ ಶುರುವಾಯಿತು. ಅದನ್ನು ಕಟ್ಟಿದವರಲ್ಲಿ ಘಾನಾದ ಎಸ್ತರ್ ಓಕ್ಲೂ ಒಬ್ಬರು, ದುಡಿಯುವ ಹೆಂಗಸರ ನಮ್ಮ ದೇಶದ "ಸೇವಾ" (SEWA) ಸಂಘಟನೆಯ ಇಳಾ ಭಟ್ ಇನ್ನೊಬ್ಬರು. ಓಕ್ಲೂ ಹುಡುಗಿಯಾಗಿದ್ದಾಗ ಪುಡಿಗಾಸಿನ ಬಂಡವಾಳದಲ್ಲಿ ಮಾರ್ಮಲೇಡ್ ಮಾಡಿ ಮಾರಿ ವ್ಯಾಪಾರ ಶುರು ಮಾಡಿದವರು.

ಇರಲಿ, ಅಮ್ಮ "ಸುಮ್ನೆ ಇರೋ" ಕಥೆಗೆ ಬರೋಣ.

ನಮ್ಮ ಮನೆ ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರ. ಮಲ್ಲಿಗೆಯ ಊರು. ನನಗೆ ಬುದ್ಧಿ ಬಂದಾಗಿನಿಂದ ಅಮ್ಮ ಬೆಳಕು ಹರಿಯುವ ಮುಂಚೆ ಗಿಡದ ಹತ್ತಿರ ಇರುತ್ತಿದ್ದಳು. ಮೊಗ್ಗು ಬಿರಿಯುವುದರೊಳಗೆ ಕೊಯ್ದು, ಒದ್ದೆ ಬಾಳೆನಾರಿನಲ್ಲಿ ಕಟ್ಟಬೇಕು. ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಎಣಿಸದೆಯೇ ಅವಳ ಬೆರಳಿಗೆ ಗೊತ್ತಾಗುತ್ತಿತ್ತು. ಹೂವು ಕಟ್ಟೆಗೆ, ಅಂದರೆ ಮಲ್ಲಿಗೆ ಕೊಳ್ಳುವ ಜಾಗಕ್ಕೆ, ಹೋಗುತ್ತದೆ. ದರ ಅಲ್ಲೇ ನಿಗದಿ. ಮದುವೆ ಸೀಸನ್‌ನಲ್ಲಿ ಅಟ್ಟೆಗೆ ಎರಡು ಸಾವಿರ ದಾಟುವುದೂ ಉಂಟು, ಕೇಳುವವರಿಲ್ಲದ ದಿನ ಪಾತಾಳಕ್ಕೆ ಇಳಿಯುವುದೂ ಉಂಟು. ದರ ಹೇಳುವ ಜಾಗದಲ್ಲಿ ಅಮ್ಮ ಯಾವತ್ತೂ ಕೂತವಳಲ್ಲ. ದುಡ್ಡು ಅಪ್ಪನ ಅಂಗಿ ಜೇಬಿಗೆ ಬರುತ್ತಿತ್ತು. ನನ್ನ ಕಾಲೇಜಿನ ಫೀಸು ಆ ಜೇಬಿನಿಂದಲೇ ಹೋಯಿತು.

ಒಮ್ಮೆ ಯಾವುದೋ ಸರ್ವೆಯವರು ಬಂದಿದ್ದರು. ಜಗಲಿಯಲ್ಲಿ ಕೂತ ಅಪ್ಪ ಅಮ್ಮನ ಹೆಸರಿನ ಮುಂದೆ "ಗೃಹಿಣಿ" ಅಂತ ಬರೆಸಿದರು. ಅವರೇನು ಕೆಟ್ಟವರಲ್ಲ, ಹೊಳೆಯಲೇ ಇಲ್ಲ ಅಷ್ಟೆ. ಒಳಗೆ ಅಮ್ಮ ಮೂರನೇ ಚೆಂಡು ಕಟ್ಟುತ್ತಿದ್ದಳು. ಭಾರತ ಸರ್ಕಾರದ ಲೆಕ್ಕದಲ್ಲಿ, 15 ದಾಟಿದ ಹೆಂಗಸರಲ್ಲಿ ದುಡಿಯುವವರು ಮತ್ತು ಕೆಲಸ ಹುಡುಕುವವರು 2017-18ರಲ್ಲಿ ಶೇ. 23.3 ಇದ್ದದ್ದು 2023-24ಕ್ಕೆ ಶೇ. 41.7ಕ್ಕೆ ಏರಿದೆ. ಓದಿ ಖುಷಿಯಾಯಿತು. ಆದರೆ ಅದರಲ್ಲಿ ಸಂಬಳವೇ ಇಲ್ಲದೆ ಮನೆಯ ವ್ಯವಹಾರಕ್ಕೆ ಕೈಜೋಡಿಸುವವರೂ ಸೇರಿದ್ದಾರೆ. ನಿನ್ನೆ ಮೊನ್ನೆ ಕೆಲಸಕ್ಕೆ ಇಳಿದವರೆಷ್ಟು, ಮೊದಲಿನಿಂದ ದುಡಿಯುತ್ತಿದ್ದು ಈಗ ಲೆಕ್ಕಕ್ಕೆ ಸಿಕ್ಕವರೆಷ್ಟು?

ಆಂಟಿ ಅಕಾನ್ ಪಂಗಡದವರು. ಮಕ್ಕಳು ತಾಯಿಯ ಕುಲಕ್ಕೆ ಸೇರಿದವರು. "ನಮ್ಮಲ್ಲೂ ಹಾಗೇ ಇತ್ತು, ಅಳಿಯಕಟ್ಟು" ಅಂತ ನಾನು ಹೆಮ್ಮೆಯಿಂದ ಹೇಳಿದೆ. "ಹಾಗಾದ್ರೆ ಕೀಲಿಕೈ ಯಾರ ಹತ್ರ ಇರ್ತಿತ್ತು?" ಅಂತ ಕೇಳಿದರು. ಸೋದರಮಾವನ ಹತ್ರ, ಅಂದೆ. ಜೋರಾಗಿ ನಕ್ಕರು. ಅವರಲ್ಲೂ ಆಸ್ತಿಯ ವಿಷಯದಲ್ಲಿ ಮಾವಂದಿರದೇ ಕಾರುಬಾರಂತೆ. ಆದರೆ ಅಂಗಡಿ ಅವರದ್ದು, ಬೀಗ ಅವರದ್ದು.

ಹುಡುಗಿಯ ಪ್ರಶ್ನೆಯನ್ನು ಅತ್ತಿಗೆಗೂ ಹೇಳಿದೆ. ಈಗ ಗಿಡ ನೋಡಿಕೊಳ್ಳುವುದು ಅವರೇ. ಕಟ್ಟೆಗೆ ಕೊಡುವುದರ ಜೊತೆಗೆ ಮದುವೆ ಮನೆಗಳಿಗೆ ನೇರವಾಗಿ ಹೂವು ಕೊಡಲು ಶುರು ಮಾಡಿದ್ದಾರೆ. ಮೊದಲು ಫೋನ್ ಮಾಡಿದ ಒಬ್ಬರು "ಮನೆಯಲ್ಲಿ ಗಂಡಸರಿದ್ದರೆ ಕೊಡಿ, ರೇಟು ಮಾತಾಡಬೇಕು" ಅಂದರಂತೆ. "ರೇಟು ನನ್ನ ಹತ್ರಾನೇ ಮಾತಾಡ್ಬೇಕು, ಹೇಳಿ" ಅಂದರಂತೆ ಅತ್ತಿಗೆ. ಐದು ಅಟ್ಟೆಗೆ ಆರ್ಡರ್ ಬಂತು. ದುಡ್ಡು ಅವರ ಖಾತೆಗೇ ಬಂದಿದೆ.

"ಅಡ್ವಾನ್ಸ್ ಎಷ್ಟು ತಗೊಂಡ್ರಿ ಅತ್ತಿಗೆ?" ಅಂತ ಕೇಳಿದೆ.

"ಅರ್ಧ. ಪರಿಚಯದವರು ಅಲ್ವಾ, ಪೂರ್ತಿ ಕೇಳೋದು ಹೇಗೆ?"

ಆಂಟಿಗೆ ಹೇಳಿದರೆ ಅದನ್ನೂ ಒಪ್ಪುವುದಿಲ್ಲ.