ಮಂಗಳೂರು ಹಂಪನಕಟ್ಟೆಯ ಸಿಮೆಂಟ್ ಹೋಟೆಲಿನಲ್ಲಿ ಎರಡು ರಾತ್ರಿ

ಆಟೋದವರಿಗೆ ಹೋಟೆಲ್ ಹೆಸರು ಹೇಳಿದೆ. "ಆ ಕಪ್ಪು ಬಿಲ್ಡಿಂಗಾ ಮಾರಾಯ್ರೆ?" ಎಂದರು. ಅಸಲಿಗೆ ಅದು ಕಪ್ಪಲ್ಲ, ಬಣ್ಣ ಬಳಿಯದ ಕಾಂಕ್ರೀಟು. ಸೆಂಟ್ರಿಂಗ್ ಹಲಗೆಯ ಗೆರೆಗಳೂ ಹಾಗೇ ಉಳಿದಿವೆ. ಕರಾವಳಿ ಮಳೆಗೆ ಪಾಚಿ ಹಿಡಿದು ಕಪ್ಪಾಗಿದೆ, ಅಷ್ಟೆ. ಈ ಶೈಲಿಗೆ ಬ್ರೂಟಲಿಸ್ಟ್ ಅನ್ನುತ್ತಾರೆ. ಚಂಡೀಗಢದಲ್ಲಿ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಕಟ್ಟಿಸಿದ್ದೂ ಇದೇ ಜಾತಿ. ಬಾಸೆಲ್ ಮಿಷನ್ನಿನವರು 1865ರಲ್ಲೇ ಹೆಂಚಿನ ಕಾರ್ಖಾನೆ ಹಾಕಿದ ಊರಲ್ಲಿ ಇಂಥದ್ದೊಂದು ಚಪ್ಪಟೆ ತಲೆಯ ಕಟ್ಟಡ ನೋಡಿ ನನಗೆ ಖುಷಿಯಾಯಿತು. ಹೆಂಡತಿ ಮಾತ್ರ "ಸರ್ಕಾರಿ ಆಸ್ಪತ್ರೆ ತರ ಇದೆ" ಅಂದಳು.

ರಸ್ತೆ ಕಡೆಯ ರೂಮು ಕೇಳಿ ತೆಗೆದುಕೊಂಡದ್ದು ನನ್ನದೇ ದಡ್ಡತನ. ಬೆಳಗಾಗುವ ಮೊದಲೇ ಸಿಟಿ ಬಸ್ಸಿನ ಹಾರನ್ನು, "ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್" ಅನ್ನುವ ಕಂಡಕ್ಟರ್ ಕೂಗು (ಇಲ್ಲಿನ ಸಿಟಿ ಬಸ್ ನಿಲ್ದಾಣಕ್ಕೆ ಹಾಗನ್ನುತ್ತಾರೆ). ಮರುದಿನ ಹಿಂಬದಿಯ ರೂಮಿಗೆ ಹೋದೆವು. ಅಲ್ಲಿ ಸದ್ದಿಲ್ಲ, ಆದರೆ ಮುಗ್ಗಲು ವಾಸನೆ. ಜುಲೈ ತಿಂಗಳು, ಬಟ್ಟೆ ಒಣಗುವ ಮಾತೇ ಇಲ್ಲ. ಹಾಗಾಗಿ ದುಡ್ಡು ಕಟ್ಟುವ ಮೊದಲು ರೂಮು ನೋಡಿ. ಕಪಾಟು ತೆಗೆದು ಮೂಸಿ, ಮಂಚದ ಹಿಂದಿನ ಗೋಡೆಗೆ ಕೈಯಿಟ್ಟು ನೋಡಿ. ತೀರಾ ಮೇಲಿನ ಮಹಡಿ ಬೇಡ. ಬೇಸಿಗೆಯಲ್ಲಿ ತಾರಸಿ ಹಗಲೆಲ್ಲ ಕಾದು, ರಾತ್ರಿ ಆ ಕಾವನ್ನು ನಿಮ್ಮ ಮೇಲೆಯೇ ಬಿಡುತ್ತದೆ. ದಪ್ಪ ಗೋಡೆಯೊಳಗೆ ಮೊಬೈಲ್ ಸಿಗ್ನಲ್ಲೂ ಕಮ್ಮಿ, ಆಫೀಸ್ ಕೆಲಸ ಹೊತ್ತುಕೊಂಡು ಬರುವವರು ಯೋಚಿಸಿ.

ಒಂದು ಮಾತು ಮಾತ್ರ ಹೇಳಲೇಬೇಕು. ಕಿಟಕಿಗಳ ಮೇಲೆ ಮೂರಡಿ ಚಾಚಿದ ಸಜ್ಜಾ ಇದೆ. ಹೊರಗೆ ಧೋ ಅಂತ ಮಳೆ ಸುರಿಯುತ್ತಿದ್ದರೂ ಕಿಟಕಿ ತೆರೆದಿಟ್ಟು ಕೂರಬಹುದು. ಒಂದು ಹನಿ ಒಳಗೆ ಬರಲಿಲ್ಲ. ಕೆಳಗೆ ಹೆಂಚಿನ ಮಾಡುಗಳಿಂದ ನೀರು ಇಳಿಯುವುದನ್ನು ನೋಡುತ್ತ ಇಬ್ಬರೂ ಎರಡು ಲೋಟ ಚಹಾ ಮುಗಿಸಿದೆವು. ಆಸ್ಪತ್ರೆಯ ಮಾತು ಮತ್ತೆ ಬರಲಿಲ್ಲ.

ಊಟಕ್ಕೆ ಹೋಟೆಲೊಳಗೇ ಕೂರಬೇಡಿ. ಸುತ್ತಮುತ್ತ ನಡೆದರೆ ಸಾಕು, ಬನ್ಸ್, ಗೋಳಿಬಜೆ, ನೀರುದೋಸೆ, ಮೀನೂಟ ಎಲ್ಲ ಇದೆ. ಸಂಜೆ ಒಂದು ಗಡ್‌ಬಡ್ ಐಸ್‌ಕ್ರೀಮ್, ಇಬ್ಬರಿಗೆ ಒಂದೇ ಸಾಕು. ಅಲೋಶಿಯಸ್ ಚಾಪೆಲ್‌ಗೂ ನಡೆದೇ ಹೋಗಬಹುದು. ಗೋಡೆ, ಚಾವಣಿ ತುಂಬ ಇಟಲಿಯ ಆಂಟೋನಿಯೊ ಮೊಸ್ಕೇನಿ ಬರೆದ ಚಿತ್ರಗಳಿವೆ. ದಾರಿ ಏರು, ಮಳೆಯಲ್ಲಿ ಜಾರುತ್ತದೆ, ಒಳ್ಳೆ ಚಪ್ಪಲಿ ಹಾಕಿ.

ರೈಲಿಗೆ ಬರುವವರು ಟಿಕೆಟ್ ಮಾಡುವಾಗ ಮಂಗಳೂರು ಸೆಂಟ್ರಲ್ ಅಂತಲೇ ನೋಡಿ. ಜಂಕ್ಷನ್ ಬೇರೆ, ಅದು ಪಡೀಲ್ ಕಡೆ. ಉಡುಪಿಗೆ ಎಕ್ಸ್‌ಪ್ರೆಸ್ ಬಸ್ ಬೇಕಿದ್ದರೆ ಸ್ಟೇಟ್‌ಬ್ಯಾಂಕ್‌ಗೆ ಹೋಗಿ ಹತ್ತಿ, ಕಿಟಕಿ ಸೀಟು ಸಿಗುತ್ತದೆ.