ತಲಕಾವೇರಿಗೆ ಹೋಗುವ ಮುನ್ನ ಒಂದು ದೇವರಕಾಡು

ತಲಕಾವೇರಿಗೆ ಹೊರಡುವವರಲ್ಲಿ ಬಹುಪಾಲು ಜನ ಬೆಳಿಗ್ಗೆ ಮಡಿಕೇರಿ ಬಿಟ್ಟು, ಭಾಗಮಂಡಲದಲ್ಲಿ ಕೈಮುಗಿದು, ತಲಕಾವೇರಿಯಲ್ಲಿ ಕಾವೇರಿಯ ಮೂಲವೆಂದು ಪೂಜಿಸುವ ಪುಟ್ಟ ಕೊಳವಾದ ಕುಂಡಿಕೆಯ ತೀರ್ಥವನ್ನು ತಲೆಗೆ ಪ್ರೋಕ್ಷಿಸಿಕೊಂಡು ಮಧ್ಯಾಹ್ನದ ಊಟಕ್ಕೆ ಮತ್ತೆ ಮಡಿಕೇರಿಯಲ್ಲಿರುತ್ತಾರೆ. ಅವರ ಭಕ್ತಿಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಕಾವೇರಿಯ ಮೂಲವನ್ನು ನೋಡಿ ಬಂದೆವು ಎಂದರೆ ಒಪ್ಪುವುದು ಕಷ್ಟ. ಕುಂಡಿಕೆಯಲ್ಲಿ ನಾವು ಕಾಣುವುದು ಅವಳ ಒಂದು ಮುಖ. ಅವಳು ತುಂಬಿಕೊಳ್ಳುವುದು ಬ್ರಹ್ಮಗಿರಿ ಬೆಟ್ಟದ ಮಡಿಲಿನ ಶೋಲಾ ಕಾಡುಗಳಲ್ಲಿ, ಅಂದರೆ ಹುಲ್ಲುಗಾವಲಿನ ನಡುವಿನ ಕಣಿವೆ ಕಾಡುಗಳಲ್ಲಿ, ಗದ್ದೆಗಳ ಮೇಲಿನ ಮರದ ತೋಪುಗಳಲ್ಲಿ, ದೇವರ ಹೆಸರಿನಲ್ಲಿ ಕಡಿಯದೆ ಉಳಿಸಿಕೊಂಡ ಊರೂರಿನ ದೇವರಕಾಡುಗಳ ತರಗೆಲೆಯ ಅಡಿಯಲ್ಲಿ. ಆದ್ದರಿಂದ ಎರಡು ರಾತ್ರಿಯ ಬಿಡುವು ಮಾಡಿಕೊಳ್ಳಿ. ಮೊದಲು ಒಂದು ದೇವರಕಾಡು, ಆಮೇಲೆ ಭಾಗಮಂಡಲ, ಕೊನೆಗೆ ತಲಕಾವೇರಿ. ಈ ಕ್ರಮದಲ್ಲಿ ಹೋದವರಿಗೆ ಕುಂಡಿಕೆಯ ಮುಂದೆ ನಿಂತಾಗ ಕಾಣುವುದೇ ಬೇರೆ.

ಹೋಗುವ ದಾರಿಯ ಮಾತನ್ನು ಮೊದಲು ಮುಗಿಸುತ್ತೇನೆ. ಮಡಿಕೇರಿಗೆ ರೈಲಿಲ್ಲ. ಮೈಸೂರಿನಿಂದ ಹುಣಸೂರು, ಕುಶಾಲನಗರದ ಮೇಲೆ ಸುಮಾರು 120 ಕಿ.ಮೀ.; ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತಿದರೆ ಸುಮಾರು 140 ಕಿ.ಮೀ. ಎರಡೂ ಕಡೆಯಿಂದ ಸರ್ಕಾರಿ ಬಸ್ಸುಗಳಿವೆ. ವಾಸ್ತವ್ಯಕ್ಕೆ ಮಡಿಕೇರಿ ಪೇಟೆಗಿಂತ ನಾಪೋಕ್ಲು, ಕಕ್ಕಬ್ಬೆಯ ಕಡೆಯ ಹೋಂಸ್ಟೇ ಮೇಲು. ತೋಟದ ನಡುವೆ ಇರಬಹುದು ಎಂಬುದಕ್ಕಿಂತ ಮುಖ್ಯವಾದ ಕಾರಣವೊಂದಿದೆ: ದೇವರಕಾಡು ಟಿಕೆಟ್ ಕೊಟ್ಟು ನೋಡುವ ಸ್ಥಳವಲ್ಲ. ಆ ಊರಿನ ಮನೆಯವರೊಬ್ಬರು ಜೊತೆಗಿದ್ದರೆ ಮಾತ್ರ ಒಳಗೆ ಕಾಲಿಡುವುದು ಸರಿ. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಹೋಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಜಿಗಣೆ, ಕುಸಿಯುವ ರಸ್ತೆ. ವಯಸ್ಸಾದವರನ್ನು, ಚಿಕ್ಕ ಮಕ್ಕಳನ್ನು ಕರೆದುಕೊಂಡು ಆಗ ಹೋಗಲೇಬೇಡಿ.

ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಹೆಚ್ಚಿನವು ಕೆಲವೇ ಎಕರೆಯವು. ಕೆಲವು ಅಯ್ಯಪ್ಪನವು, ಕೆಲವು ಭಗವತಿಯವು, ಬಸವ, ಮಹಾದೇವರ ಹೆಸರಿನವೂ ಇವೆ. ಸುತ್ತ ಕಾಫಿ ತೋಟ, ಕೆಳಗೆ ಗದ್ದೆ, ನಡುವೆ ಕೊಡಲಿ ತಾಗದ ಒಂದು ಕಪ್ಪು ಹಸಿರಿನ ತುಂಡು. ದೂರದಿಂದಲೇ ಗುರುತು ಹಿಡಿಯಬಹುದು, ಏಕೆಂದರೆ ತೋಟದ ನೆರಳುಮರಗಳ ಕೊಂಬೆಯನ್ನು ವರ್ಷವರ್ಷವೂ ಕಡಿಯುತ್ತಾರೆ. ಇಲ್ಲಿನ ಮರಗಳು ತಮಗೆ ತೋಚಿದಂತೆ ಬೆಳೆದಿರುತ್ತವೆ. ಪ್ರತಿ ಕಾಡಿಗೂ ಅದರ ಉಸ್ತುವಾರಿ ನೋಡುವ, ವಂಶಪಾರಂಪರ್ಯವಾಗಿ ಬಂದ ಮುಖ್ಯಸ್ಥರು, ಅಂದರೆ ತಕ್ಕರಿದ್ದಾರೆ. ಹಿಂದಿನ ದಿನವೇ ಮನೆಯವರ ಮೂಲಕ ಅವರಿಗೆ ಹೇಳಿ ಕಳುಹಿಸಿ, ಒಪ್ಪಿಗೆ ಪಡೆದು ಹೋಗಿ. ಚಪ್ಪಲಿ ಅಂಚಿನಲ್ಲೇ ಬಿಡಬೇಕು. ಕೆಲವು ಅಯ್ಯಪ್ಪನ ಕಾಡುಗಳಿಗೆ ಹೆಂಗಸರಿಗೆ ಪ್ರವೇಶವಿಲ್ಲ. ಕುಟುಂಬ ಸಮೇತ ಹೋಗುವವರು ಇದನ್ನು ಮೊದಲೇ ಕೇಳಿಕೊಂಡು, ಎಲ್ಲರೂ ಹೋಗಬಹುದಾದ ಕಾಡನ್ನೇ ಆರಿಸಿಕೊಳ್ಳಬೇಕು. ಅಲ್ಲಿಗೆ ಹೋದ ಮೇಲೆ ವಾದಕ್ಕಿಳಿದರೆ ಯಾರ ಮನಸ್ಸೂ ನೆಟ್ಟಗಿರುವುದಿಲ್ಲ.

ನಾನು ಹೋದದ್ದು ನಾಪೋಕ್ಲು ಸೀಮೆಯ ಒಂದು ಅಯ್ಯಪ್ಪನ ಕಾಡಿಗೆ. ಕೊಡಗಿನ ಅಯ್ಯಪ್ಪ ಬೇಟೆಯ ದೇವರು. ಅವನಿಗೆ ಮಣ್ಣಿನ ನಾಯಿಗಳನ್ನು ಹರಕೆ ಒಪ್ಪಿಸುತ್ತಾರೆ. ಗುಡಿ ಎಂಬುದು ಅಲ್ಲಿರಲಿಲ್ಲ. ದೊಡ್ಡ ಮರವೊಂದರ ಬುಡದಲ್ಲಿ ಕಲ್ಲು, ಅದರ ಸುತ್ತ ನೂರಾರು ಮಣ್ಣಿನ ನಾಯಿಗಳು. ಮೇಲಿನವು ಇನ್ನೂ ಕೆಂಪಗೆ, ಕಿವಿ ನಿಮಿರಿಸಿಕೊಂಡು ನಿಂತಿದ್ದವು. ಅವುಗಳ ಅಡಿಯವು ಮಳೆಗೆ ಕಪ್ಪಾಗಿ ಬೆನ್ನಿನ ಮೇಲೆ ಪಾಚಿ ಹೊದ್ದಿದ್ದವು. ಇನ್ನೂ ಅಡಿಯಲ್ಲಿದ್ದವುಗಳಲ್ಲಿ ಮೂತಿ ಯಾವುದು, ಬಾಲ ಯಾವುದು ಎಂದು ಹೇಳುವಂತಿರಲಿಲ್ಲ. ಒಂದು ನಾಯಿಯ ಒಡೆದ ಹೊಟ್ಟೆಯೊಳಗಿಂದ ಎರಡೆಲೆಯ ಸಸಿಯೊಂದು ತಲೆ ಎತ್ತಿತ್ತು. ಹಕ್ಕಿ ಹಿಕ್ಕೆಯಲ್ಲಿ ಬಿದ್ದ ಬೀಜವಿರಬೇಕು. ಯಾರೋ ತಮ್ಮ ಮಗುವಿನ ಜ್ವರಕ್ಕೋ ಕಳೆದುಹೋದ ದನಕ್ಕೋ ಹೊತ್ತ ಹರಕೆ, ದೇವರಿಗೆ ತಲುಪಿದ ಮೇಲೆ, ಮರವಾಗಲು ಹೊರಟಿತ್ತು.

ನಮ್ಮನ್ನು ಕರೆದುಕೊಂಡು ಹೋಗಿದ್ದ ಹಿರಿಯರು ಆ ನಾಯಿಗಳನ್ನು ಮುಟ್ಟಬಾರದೆಂದು ಮೊದಲೇ ಹೇಳಿದ್ದರು. ದಾರಿಗೆ ಅಡ್ಡವಾಗಿ ಬಿದ್ದು ಕೊಳೆಯುತ್ತಿದ್ದ ಒಂದು ಭಾರೀ ಮರವನ್ನು ತೋರಿಸಿ, "ಇದನ್ನೂ ಯಾರೂ ಒಯ್ಯುವುದಿಲ್ಲವೇ?" ಎಂದು ಕೇಳಿದೆ. "ಬಿದ್ದ ಮಾತ್ರಕ್ಕೆ ಅದು ನಮ್ಮದಾಗುತ್ತದೆಯೇ?" ಎಂದರು. ಮಾತು ಅಷ್ಟೇ. ಆ ಮರದ ಮೈತುಂಬ ಬೆರಳುಗುರಿನಷ್ಟು ಚಿಕ್ಕ ಅಣಬೆಗಳು ಸಾಲುಗಟ್ಟಿದ್ದವು. ಕೊಡಗಿನ ಕಾಡುಗಳಲ್ಲಿ ಕೆಲಸ ಮಾಡಿದ ಸಂಶೋಧಕರು ದೇವರಕಾಡು, ಕಾಫಿ ತೋಟ, ಮೀಸಲು ಅರಣ್ಯಗಳನ್ನು ಹೋಲಿಸಿ ನೋಡಿದ್ದಾರೆ. ಅಣಬೆಗಳ ವೈವಿಧ್ಯದಲ್ಲಿ ಈ ಪುಟ್ಟ ಕಾಡುಗಳು ಎದ್ದು ಕಾಣುತ್ತವೆ ಎಂಬುದು ಅವರ ಒಂದು ಮುಖ್ಯ ಕಾಣ್ಕೆ. ಬಿದ್ದ ಮರವನ್ನೂ ದೇವರಿಗೇ ಬಿಟ್ಟ ಜನರ ನಡುವೆ ಅಣಬೆ ಉಳಿಯದೆ ಇನ್ನೆಲ್ಲಿ ಉಳಿಯಬೇಕು?

ಒಳಗೆ ಹೋದ ಮೇಲೆ ಮಾಡಬೇಕಾದದ್ದು ಒಂದೇ, ಕುಳಿತುಕೊಳ್ಳುವುದು. ಕಲ್ಲಿನಿಂದ ತುಸು ದೂರದಲ್ಲಿ, ಮೊಬೈಲನ್ನು ಚೀಲದಲ್ಲಿಟ್ಟು, ಕನಿಷ್ಠ ಅರ್ಧ ಗಂಟೆ. ಮೊದಲ ಹತ್ತು ನಿಮಿಷ ಮನಸ್ಸು ಊರಿನ ಲೆಕ್ಕಾಚಾರದಲ್ಲೇ ಇರುತ್ತದೆ. ಆಮೇಲೆ ಕಿವಿ ಒಂದೊಂದೇ ಸದ್ದನ್ನು ಬಿಡಿಸಿಕೊಳ್ಳಲು ತೊಡಗುತ್ತದೆ: ಜೀರುಂಡೆ, ಎಲೆಯಿಂದ ಎಲೆಗೆ ಜಾರುವ ಹನಿ, ಎತ್ತರದಲ್ಲಿ ಮಂಗಟ್ಟೆ ಹಕ್ಕಿಯ ಕರ್ಕಶ ಕೂಗು. ಇನ್ನೂ ಸ್ವಲ್ಪ ಹೊತ್ತಿಗೆ, ನಾನು ಕಾಡನ್ನು ನೋಡುತ್ತಿದ್ದೇನೆ ಎಂಬ ಭಾವ ಸಡಿಲಗೊಂಡು, ನಾನೂ ಇಲ್ಲಿ ನೋಡಲ್ಪಡುತ್ತಿದ್ದೇನೆ ಎನಿಸುತ್ತದೆ. ಅದು ಭಯವಲ್ಲ, ಒಂದು ಬಗೆಯ ಸಂಕೋಚ. ಹಿರಿಯರ ಎದುರು ಕುಳಿತಾಗ ತಾನಾಗಿ ಮೈ ಮುದುರುವಂಥದ್ದು. ಕಾಡಿಗೆ ಪ್ರಜ್ಞೆ ಇದೆಯೇ ಎಂದು ತರ್ಕದಿಂದ ಸಾಧಿಸಲು ನಾನು ಹೊರಟಿಲ್ಲ. ಆದರೆ ಇದೆ ಎಂಬಂತೆ ನಡೆದುಕೊಂಡ ಜನರ ಕೈಯಲ್ಲಿ ಕಾಡು ಉಳಿದಿದೆ, ಇಲ್ಲ ಎಂಬಂತೆ ನಡೆದುಕೊಂಡವರ ಕೈಯಲ್ಲಿ ಅಳಿದಿದೆ. ನನಗೆ ಈ ಸಾಕ್ಷ್ಯ ಸಾಕು.

ಎದ್ದು ಬರುವಾಗ ಹಿರಿಯರು ಕಾಡಿನ ಕೆಳ ಅಂಚಿಗೆ ಕರೆದೊಯ್ದರು. ಬೇರುಗಳ ಸಂದಿಯಿಂದ ಸಣ್ಣದೊಂದು ಒರತೆ ಇಳಿದು ತೋಡಾಗಿ ಗದ್ದೆಯ ಕಡೆಗೆ ಹೋಗುತ್ತಿತ್ತು. ಜೂನ್ ತಿಂಗಳ ಮಳೆ ಇಲ್ಲಿ ನೆಲಕ್ಕೆ ನೇರವಾಗಿ ಬಡಿಯುವುದಿಲ್ಲ. ಎತ್ತರದ ಮರ, ಅದರಡಿಯ ಮರ, ಪೊದೆ, ತರಗೆಲೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಬೇರಿನ ಜಾಡಿನಲ್ಲಿ ಒಳಗೆ ಸೇರಿ, ಮಳೆ ನಿಂತ ಎಷ್ಟೋ ತಿಂಗಳ ಬಳಿಕ ಹೀಗೆ ಹೊರಬರುತ್ತದೆ. ಮಣ್ಣಿನೊಳಗೆ ಅಣಬೆಯ ಎಳೆಗಳು ಮರದ ಬೇರಿಗೆ ಖನಿಜ ಒದಗಿಸಿ, ಪ್ರತಿಯಾಗಿ ಮರ ಮಾಡಿದ ಸಕ್ಕರೆಯನ್ನು ಪಡೆಯುತ್ತವೆ. ಈ ಕೊಡುಕೊಳ್ಳುವಿಕೆಯನ್ನು ಹಿಂದಿನವರು ಸೂಕ್ಷ್ಮದರ್ಶಕದಲ್ಲಿ ಕಂಡಿರಲಿಲ್ಲ. ಆದರೆ ಮೇಲಿನ ಕಾಡು ಹೋದರೆ ಕೆಳಗಿನ ಗದ್ದೆ ಬಾಯಾರುತ್ತದೆ ಎಂಬುದನ್ನು ತಲೆಮಾರುಗಳ ಕಾಲ ನೋಡಿದ್ದರು. ಅದನ್ನು ಕಾನೂನಾಗಿ ಬರೆಯದೆ ದೇವರಾಗಿ ನಿಲ್ಲಿಸಿದರು.

ಸಮಯವಿದ್ದರೆ ಅದೇ ದಿನ ಕಕ್ಕಬ್ಬೆಯ ಬಳಿ ಪಾಡಿಯಲ್ಲಿರುವ ಇಗ್ಗುತಪ್ಪನ ದೇವಸ್ಥಾನಕ್ಕೂ ಹೋಗಿ. ಇಗ್ಗುತಪ್ಪ ಮಳೆ, ಬೆಳೆಯ ದೇವರು. ಹೊಸ ಅಕ್ಕಿಯ ಹಬ್ಬವಾದ ಪುತ್ತರಿಗೆ ಇಡೀ ಕೊಡಗು ದಿನ, ಮುಹೂರ್ತಕ್ಕಾಗಿ ಕಾಯುವುದು ಇಲ್ಲಿಯ ತೀರ್ಮಾನಕ್ಕೇ. ಕಾಡಿನ ನೀರು ಗದ್ದೆಗಿಳಿದು ತೆನೆಯಾಗಿ ಮತ್ತೆ ದೇವರ ಎದುರಿಗೆ ಬರುವ ಸುತ್ತು ಇಲ್ಲಿ ಪೂರ್ಣವಾಗುತ್ತದೆ.

ಮರುದಿನ ಭಾಗಮಂಡಲ. ಮಡಿಕೇರಿಯಿಂದ ನೇರ ಬರುವವರಿಗೆ ಸುಮಾರು 40 ಕಿ.ಮೀ.; ನಾಪೋಕ್ಲಿನಿಂದಲೂ ದಾರಿಯಿದೆ, ತಿರುವುಗಳು ಹೆಚ್ಚು. ಇಲ್ಲಿ ಕಾವೇರಿ, ಕನ್ನಿಕೆ, ಸುಜ್ಯೋತಿಯರ ತ್ರಿವೇಣಿ ಸಂಗಮ. ಕಣ್ಣಿಗೆ ಕಾಣುವುದು ಎರಡೇ ಹೊಳೆ, ಸುಜ್ಯೋತಿ ಗುಪ್ತಗಾಮಿನಿ. ಕಾಣುವ ನೀರಿನ ಜೊತೆಗೆ ಕಾಣದ ನೀರನ್ನೂ ಎಣಿಸಿ, ಅವಳಿಗೂ ಹೆಸರಿಟ್ಟು, ಅವಳ ಪಾಲಿನ ನಮಸ್ಕಾರವನ್ನೂ ಸಲ್ಲಿಸುವ ಈ ನಂಬಿಕೆ ನನಗೆ ಇಡೀ ಯಾತ್ರೆಯ ಅತ್ಯಂತ ಆಳವಾದ ಮಾತಾಗಿ ತೋರಿತು. ಹಿಂದಿನ ದಿನ ಒರತೆಯನ್ನು ನೋಡಿ ಬಂದವರಿಗೆ ನೆಲದೊಳಗಿನ ನದಿ ಕಟ್ಟುಕಥೆ ಎನಿಸುವುದಿಲ್ಲ. ಸಂಗಮದಲ್ಲಿ ಸ್ನಾನ ಮಾಡುವವರು ಸೋಪು, ಶಾಂಪೂ ತರಬೇಡಿ, ಹಳೆ ಬಟ್ಟೆಯನ್ನು ನೀರಿಗೆ ಬಿಡಬೇಡಿ. ಭಗಂಡೇಶ್ವರ ದೇವಾಲಯ ಕೇರಳ ಶೈಲಿಯದು; ಮರದ ಕೆತ್ತನೆಯನ್ನು ನಿಧಾನವಾಗಿ ನೋಡಿ. ಭಾರೀ ಮಳೆಯಲ್ಲಿ ಸಂಗಮ ಉಕ್ಕಿ ತಗ್ಗಿನ ಜಾಗಗಳು ಮುಳುಗುವುದುಂಟು, ಆ ದಿನಗಳಲ್ಲಿ ಸ್ಥಳೀಯರನ್ನು ವಿಚಾರಿಸದೆ ಮುಂದೆ ಹೋಗಬಾರದು.

ಅಲ್ಲಿಂದ ತಲಕಾವೇರಿಗೆ ಸುಮಾರು 8 ಕಿ.ಮೀ. ಏರು. ಬಸ್ಸುಗಳು ಕಡಿಮೆ, ಆಟೋ, ಜೀಪು ಸಿಗುತ್ತವೆ, ವಾಪಸು ಬರುವ ಮಾತನ್ನೂ ಮೊದಲೇ ಆಡಿಕೊಳ್ಳಿ. ಸುಮಾರು 1,276 ಮೀಟರ್ ಎತ್ತರವಾದ್ದರಿಂದ ಬಿಸಿಲಿದ್ದರೂ ಗಾಳಿ ಚಳಿಯದು, ಮಂಜು ಕ್ಷಣದಲ್ಲಿ ಕವಿಯುತ್ತದೆ. ಒಂದು ಸ್ವೆಟರ್ ಇರಲಿ, ಮೈಮುಚ್ಚುವ ಉಡುಪು ಇರಲಿ. ಕುಂಡಿಕೆಯಲ್ಲಿ ಕಾವೇರಿ ಉಕ್ಕಿ ಬರುತ್ತಾಳೆಂದು ನಂಬುವ ತುಲಾ ಸಂಕ್ರಮಣದ ತೀರ್ಥೋದ್ಭವ ಅಕ್ಟೋಬರ್ 17ರ ಆಸುಪಾಸಿನಲ್ಲಿ ಬರುತ್ತದೆ. ಜನಸಾಗರದ ನಡುವಿನ ಆ ರೋಮಾಂಚನ ಬೇಕೆನ್ನುವವರು ಆಗ ಹೋಗಲಿ. ಕೊಡಗಿನ ಮನೆಗಳಲ್ಲಿ ಆ ಹಬ್ಬಕ್ಕೆ ತೆಂಗಿನಕಾಯಿ ಅಥವಾ ಸೌತೆಕಾಯಿಗೆ ಕೆಂಪು ರೇಷ್ಮೆ ಉಡಿಸಿ, ಒಡವೆ ತೊಡಿಸಿ ಕಾವೇರಮ್ಮನೆಂದು ಪೂಜಿಸುತ್ತಾರೆ. ಪರಿಚಯದ ಮನೆಯಿದ್ದರೆ ಅದನ್ನು ನೋಡುವ ಭಾಗ್ಯ ತಪ್ಪಿಸಿಕೊಳ್ಳಬೇಡಿ. ಮೌನ ಬೇಕೆನ್ನುವವರು ಡಿಸೆಂಬರ್‌ನ ಒಂದು ವಾರದ ದಿನ, ಬೆಳಿಗ್ಗೆ ಬೇಗ ಹೋಗಿ.

ಕುಂಡಿಕೆ ಚಿಕ್ಕದು. ಇಷ್ಟೇನೇ ಎಂದು ಪಕ್ಕದಲ್ಲಿ ಯಾರಾದರೂ ಹೇಳುವುದನ್ನು ಕೇಳಿಯೇ ಕೇಳುತ್ತೀರಿ. ಇಲ್ಲಿಂದ ನೀರು ನೆಲದೊಳಗೆ ಇಳಿದು, ಕೆಳಗೆಲ್ಲೋ ಹೊಳೆಯಾಗಿ ಕಾಣಿಸಿಕೊಂಡು, ಸುಮಾರು 800 ಕಿ.ಮೀ. ಹರಿದು ಪೂಂಪುಹಾರಿನ ಬಳಿ ಬಂಗಾಳ ಕೊಲ್ಲಿ ಸೇರುತ್ತದೆ. ದಾರಿಯಲ್ಲಿ ಮಂಡ್ಯದ ಕಬ್ಬು, ತಂಜಾವೂರಿನ ಭತ್ತ, ಬೆಂಗಳೂರಿನ ನಲ್ಲಿ. ಬೆಂಗಳೂರಿನಲ್ಲಿ ಕಾವೇರಿ ನೀರು ಕುಡಿದು ಬೆಳೆದ ಮಗುವಿನ ರಕ್ತದಲ್ಲಿ ಕೊಡಗಿನ ದೇವರಕಾಡಿನ ಹನಿಯಿದೆ ಎಂಬುದು ನನಗೆ ಅಲಂಕಾರದ ಮಾತಲ್ಲ, ಅಕ್ಷರಶಃ ಸತ್ಯ. ಬೆಟ್ಟದ ಇನ್ನೊಂದು ಮಗ್ಗುಲಿಗೆ ಬಿದ್ದ ಹನಿ ಕೇರಳದತ್ತ ಇಳಿದು ಅರಬ್ಬಿ ಸಮುದ್ರದ ಪಾಲಾಗುತ್ತದೆ. ಒಂದೇ ಮೋಡ, ಒಂದು ಗೇಣಿನ ಅಂತರ, ಎರಡು ಸಮುದ್ರ. ಬ್ರಹ್ಮಗಿರಿಯ ತುದಿಗೆ ಹತ್ತಲು ಅವಕಾಶವಿದೆಯೇ ಎಂದು ಅಂದಿನ ದಿನ ಅಲ್ಲಿಯೇ ವಿಚಾರಿಸಿ, ಇಲ್ಲವೆಂದರೆ ಒತ್ತಾಯಿಸಬೇಡಿ. 2020ರ ಆಗಸ್ಟ್‌ನಲ್ಲಿ ಈ ಬೆಟ್ಟದ ಮಗ್ಗುಲು ಕುಸಿದು ಅರ್ಚಕರ ಮನೆ ಮಣ್ಣಿನಡಿ ಸೇರಿತು, ಮನೆಯಲ್ಲಿದ್ದವರು ಪ್ರಾಣ ಕಳೆದುಕೊಂಡರು. ಬೆಟ್ಟವನ್ನು ದೇವರೆನ್ನುವವರು ಅದರ ಭಾರವನ್ನೂ ಅದರ ಸಹನೆಯ ಮಿತಿಯನ್ನೂ ಒಪ್ಪಿಕೊಳ್ಳಬೇಕು.

ಕೊನೆಯದಾಗಿ ಒಂದು ವಿನಂತಿ, ಇದು ನನ್ನನ್ನು ತುಂಬ ಕಾಡಿದ ವಿಷಯ. ಒತ್ತುವರಿಯಿಂದ ದೇವರಕಾಡುಗಳು ಅಂಚಿನಿಂದ ಸವೆಯುತ್ತಿವೆ. ಕೆಲವೆಡೆ ಮರದ ಬುಡದ ಕಲ್ಲಿಗೆ ಕಾಂಕ್ರೀಟ್ ಗುಡಿ ಕಟ್ಟಿ, ಟೈಲ್ಸ್ ಹಾಕಿ, ವಾಹನ ನಿಲ್ಲಿಸಲು ಜಾಗ ಮಾಡಿದ್ದಾರೆ. ಭಕ್ತಿಯಿಂದ ಕೊಟ್ಟ ಹಣವೇ ಕಾಡನ್ನು ತೆರವು ಮಾಡುವುದು ಎಂಥ ದುಃಖ! ಕಾಣಿಕೆ ಕೊಡುವ ಮನಸ್ಸಾದರೆ ಬೇಲಿಗೆ, ಗಡಿ ಗುರುತಿಗೆ, ಅಲ್ಲಿಯದೇ ಮರಗಳ ಸಸಿ ಬೆಳೆಸಲಿಕ್ಕೆ ಎಂದು ತಕ್ಕರ ಕೈಗೆ ಹೇಳಿ ಕೊಡಿ. ಹೊರಗಿನ ಹೂವಿನ ಗಿಡ ಒಯ್ದು ನೆಡಬೇಡಿ. ಎಲೆ, ಬೀಜ, ಅಣಬೆ ಏನನ್ನೂ ನೆನಪಿಗೆಂದು ಕಿತ್ತು ತರಬೇಡಿ. ತೀರ್ಥ ತರುವವರು ಪ್ಲಾಸ್ಟಿಕ್ ಬಾಟಲಿಯ ಬದಲು ಮನೆಯಿಂದಲೇ ಮುಚ್ಚಳವಿರುವ ಸ್ಟೀಲಿನ ಪಾತ್ರೆಯನ್ನೋ ತಾಮ್ರದ ತಂಬಿಗೆಯನ್ನೋ ಒಯ್ಯಿರಿ. ಸಂಜೆ ಐದರೊಳಗೆ ಭಾಗಮಂಡಲ ಬಿಟ್ಟುಬಿಡಿ. ಆ ದಾರಿಯಲ್ಲಿ ಕತ್ತಲಾದ ಮೇಲೆ ಆನೆಗಳು ಇಳಿಯುವುದುಂಟು, ಮೊಬೈಲ್ ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲ.